ಲೆಕ್ಕ ಯಾರಿಗೆ ಒಪ್ಪಿಸಬೇಕು?

ದುಡ್ಡು ಉಳಿಸಬೇಕು ಅಂತ ಎಲ್ಲರಿಗೂ ಆಸೆ. ಆದರೆ ಖರ್ಚಿನ ಖುಷಿ ಇವತ್ತೇ ಸಿಗುತ್ತದೆ, ಉಳಿತಾಯದ ಫಲಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಗುರಿ ಕೈತಪ್ಪುವುದು ಇಲ್ಲೇ. ನಮ್ಮ ಲೆಕ್ಕವನ್ನು ಇನ್ನೊಬ್ಬರು ಗಮನಿಸುತ್ತಿದ್ದರೆ? ಅದನ್ನು ಅಳೆದು ನೋಡಿದ್ದು ಕರ್ನಾಟಕದ 60 ಹಳ್ಳಿಗಳಲ್ಲಿ.

ಅರ್ಥಶಾಸ್ತ್ರಜ್ಞರಾದ ಎಮಿಲಿ ಬ್ರೆಜಾ ಮತ್ತು ಅರುಣ್ ಚಂದ್ರಶೇಖರ್ ಸುಮಾರು 1,300 ಜನರನ್ನು ಮಾತಾಡಿಸಿದರು. ಆರು ತಿಂಗಳಲ್ಲಿ ಎಷ್ಟು ಕೂಡಿಡುತ್ತೀರಿ ಅನ್ನುವುದನ್ನು ಅವರವರೇ ಹೇಳಬೇಕಿತ್ತು. ಎರಡು ವಾರಕ್ಕೊಮ್ಮೆ ಪಾಸ್‌ಬುಕ್ ನೋಡಲು ಸಂಶೋಧನಾ ತಂಡದವರು ಬರುತ್ತಿದ್ದರು. ಕೆಲವರಿಗೆ ಮಾತ್ರ ಅದೇ ಊರಿನ ಒಬ್ಬರನ್ನು ಜೊತೆ ಮಾಡಿದರು. ಇವರ ಖಾತೆಯಲ್ಲಿ ಇಷ್ಟು ಜಮಾ ಆಗಿದೆ ಅನ್ನುವ ಸುದ್ದಿ ಆ ಜೊತೆಗಾರರಿಗೂ ಹೋಗುತ್ತಿತ್ತು. ವಸೂಲಿ ಮಾಡುವ ಅಧಿಕಾರವೇನೂ ಅವರಿಗಿರಲಿಲ್ಲ.

ಆದರೂ ಜೊತೆಗಾರರಿದ್ದವರ ಒಟ್ಟು ಉಳಿತಾಯ, ಇಲ್ಲದವರಿಗಿಂತ ಸರಾಸರಿ ಶೇ. 36ರಷ್ಟು ಜಾಸ್ತಿಯಾಯಿತು. ತಂಡದ ಭೇಟಿ ಎಲ್ಲರಿಗೂ ಇತ್ತಲ್ವಾ? ಹಾಗಾಗಿ ಇದು ಬರೀ ನೆನಪಿಸಿದ್ದರ ಫಲವಲ್ಲ.

ನನಗೆ ತುಂಬಾ ಹಿಡಿಸಿದ್ದು ಮುಂದಿನ ಸಂಗತಿ. ಎಲ್ಲ ಜೊತೆಗಾರರ ಪ್ರಭಾವ ಒಂದೇ ಆಗಿರಲಿಲ್ಲ. ಅರ್ಧದಷ್ಟು ಹಳ್ಳಿಗಳಲ್ಲಿ ಯಾರಿಗೆ ಯಾರು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರಿಂದ ಈ ವ್ಯತ್ಯಾಸ ಸ್ಪಷ್ಟವಾಗಿ ಕಂಡಿತು. ಊರಲ್ಲಿ ಹೆಚ್ಚು ಜನರ ಒಡನಾಟ ಇದ್ದವರು, ಉಳಿಸುವವರ ಬಳಗಕ್ಕೆ ಹತ್ತಿರದವರು ಜೊತೆಯಾದಾಗ ಉಳಿತಾಯ ಇನ್ನೂ ಏರಿತು. ಆಮೇಲೆ ವಿಚಾರಿಸಿದರೆ, ಅರ್ಧಕ್ಕಿಂತ ಹೆಚ್ಚು ಜೊತೆಗಾರರು ಈ ವಿಷಯವನ್ನು ಬೇರೆಯವರಿಗೂ ಹೇಳಿದ್ದರು. ಗುರಿ ಮುಟ್ಟಿದವರು ಜವಾಬ್ದಾರಿಯ ಮನುಷ್ಯರು ಅನ್ನುವ ಅಭಿಪ್ರಾಯ ಊರಲ್ಲಿ ಬೆಳೆದಿತ್ತು. 'ನಾಲ್ಕು ಜನ ಏನಂದುಕೊಳ್ಳುತ್ತಾರೋ' ಅನ್ನುವ ಅಳುಕನ್ನು ನಾವು ಸುಮ್ನೆ ಬೈಯುತ್ತೇವೆ. ಇಲ್ಲಿ ಅದೇ ಅಳುಕು ಪಾಸ್‌ಬುಕ್ ತುಂಬಿಸಿತು.

ಉಳಿತಾಯಕ್ಕೆ ಮಾತ್ರ ಇದು ನಿಜ ಅಂತಲ್ಲ. 2016ರಲ್ಲಿ 138 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಶ್ಲೇಷಣೆಯೊಂದು ಬಂತು. ಪ್ರಗತಿಯನ್ನು ಆಗಾಗ ಪರೀಕ್ಷಿಸಿಕೊಳ್ಳುವವರು ಗುರಿ ಮುಟ್ಟುವುದು ಹೆಚ್ಚು. ಬರೆದಿಟ್ಟರೆ, ಇನ್ನೊಬ್ಬರಿಗೆ ತಿಳಿಸಿದರೆ ಪರಿಣಾಮ ಇನ್ನೂ ಜಾಸ್ತಿ.

ಆದರೆ ತಿಳಿಸಬೇಕಾದ್ದು ಮಾಡಿದ್ದನ್ನು, ಮಾಡಲಿರುವುದನ್ನಲ್ಲ. ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ತಂಡ 2009ರಲ್ಲಿ ಕಾನೂನು ವಿದ್ಯಾರ್ಥಿಗಳಲ್ಲಿ ಕಂಡದ್ದು ಇದನ್ನೇ. 'ಚೆನ್ನಾಗಿ ಓದುತ್ತೇನೆ' ಅನ್ನುವ ಸಂಕಲ್ಪವನ್ನು ಬೇರೆಯವರು ಗಮನಿಸಿದ್ದಾರೆ ಅಂತ ಗೊತ್ತಾದವರು ಆಮೇಲೆ ಕಡಿಮೆ ಹೊತ್ತು ಕೆಲಸ ಮಾಡಿದರು. ಹೇಳಿದ್ದರಲ್ಲೇ ಅರ್ಧ ತೃಪ್ತಿ ಸಿಕ್ಕಿಬಿಡುತ್ತದೆ. ಹಾಗಾಗಿ 'ಸೋಮವಾರದಿಂದ ವಾಕಿಂಗ್' ಅಂತ ಸಾರುವುದಕ್ಕಿಂತ, ಈ ವಾರ ಎಷ್ಟು ದಿನ ನಡೆದೆ ಅನ್ನುವ ಲೆಕ್ಕ ಕೊಡುವುದು ಮೇಲು. ಅದನ್ನು ಕೇಳುವವರು 'ಪರವಾಗಿಲ್ಲ ಬಿಡು' ಅನ್ನುವ ಆಪ್ತರಾಗಿರುವುದಕ್ಕಿಂತ, ಯಾರ ಮೆಚ್ಚುಗೆ ನಿಮಗೆ ಮುಖ್ಯವೋ ಅವರಾಗಿರಲಿ.

ಕುಡಿತ ಬಿಡುವಂಥ ವಿಷಯಕ್ಕೆ ಮಾತ್ರ ಈ ದಾರಿ ಬೇಡ ಅನ್ನಿಸುತ್ತದೆ. ಅಲ್ಲಿ ಊರಿಗೆ ಗೊತ್ತಾಗುವ ಭಯ ಮನುಷ್ಯನನ್ನು ಮುಚ್ಚಿಡುವುದಕ್ಕೆ ತಳ್ಳುತ್ತದೆ. 1935ರಲ್ಲಿ ಅಮೆರಿಕದ ಆಕ್ರನ್ ಊರಲ್ಲಿ ಶುರುವಾದ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗದಲ್ಲಿ ಸದಸ್ಯರ ಹೆಸರು ಹೊರಗೆ ಹೋಗುವುದಿಲ್ಲ. ಹೊಸಬರ ಜೊತೆ ನಿಲ್ಲುವವರು ತಾವೂ ಕುಡಿತ ಬಿಟ್ಟವರೇ.