ರೇಬೀಸ್ ಮತ್ತು ಪ್ರಿಯಾನ್: ‘ಹುಚ್ಚು’ ಎಂಬ ಹೆಸರು ಹೊತ್ತ ಎರಡು ಮಿದುಳು ರೋಗಗಳು

ಹಸುವೊಂದು ತಡವರಿಸುತ್ತ ನಡೆಯುತ್ತದೆ, ಹಾಲು ಕರೆಯಲು ಕೂತವರನ್ನು ಒದೆಯುತ್ತದೆ, ಸಣ್ಣ ಸದ್ದಿಗೂ ಬೆಚ್ಚುತ್ತದೆ. ಇದು ರೇಬೀಸ್ ಇರಬಹುದು, ‘ಹುಚ್ಚು ಹಸು ರೋಗ’ ಎಂದು ಹೆಸರಾದ ಪ್ರಿಯಾನ್ ಕಾಯಿಲೆಯೂ ಇರಬಹುದು. ಕೊಟ್ಟಿಗೆಯಲ್ಲಿ ನಿಂತು ನೋಡುವವರಿಗೆ ಎರಡನ್ನೂ ಬೇರ್ಪಡಿಸುವುದು ಕಷ್ಟ. ಆದರೆ ಮಿದುಳಿನೊಳಗೆ ಈ ಎರಡು ರೋಗಗಳು ಮಾಡುವ ಕೆಲಸ ತೀರ ಬೇರೆ.

ರೇಬೀಸ್ ಜೊಲ್ಲಿನಿಂದ ಹರಡುತ್ತದೆಂಬುದು 1804ರಲ್ಲೇ ಪ್ರಯೋಗದಿಂದ ತಿಳಿದಿತ್ತು. 1885ರಲ್ಲಿ ಲೂಯಿ ಪಾಶ್ಚರ್ ಅವರ ಲಸಿಕೆ ಬಂದಿತು. 1903ರಲ್ಲಿ ಇಟಲಿಯ ಅಡೆಲ್ಕಿ ನೆಗ್ರಿ ಸೋಂಕಿತ ನರಕೋಶಗಳೊಳಗೆ ವಿಶಿಷ್ಟವಾದ ಕಣಗಳನ್ನು ಗುರುತಿಸಿದರು. ಕಚ್ಚಿದ ಗಾಯದಿಂದ ವೈರಸ್ ನರಗಳ ಗುಂಟ ಬೆನ್ನುಹುರಿಗೂ ಮಿದುಳಿಗೂ ಏರಿ, ಅಲ್ಲಿಂದ ಜೊಲ್ಲಿನ ಗ್ರಂಥಿಗಳಿಗೆ ಇಳಿಯುತ್ತದೆ. ಇಷ್ಟು ಭೀಕರ ರೋಗದಲ್ಲೂ ನರಕೋಶಗಳು ದೊಡ್ಡ ಪ್ರಮಾಣದಲ್ಲಿ ಸಾಯುವುದಿಲ್ಲ. ಅವುಗಳ ನಡುವಿನ ಸಂಜ್ಞೆಗಳ ವಿನಿಮಯ ಕೆಡುತ್ತದೆ, ಮಿದುಳು ಬರಿಗಣ್ಣಿಗೆ ಬಹುಮಟ್ಟಿಗೆ ಸರಿಯಾಗಿಯೇ ಕಾಣುತ್ತದೆ, ಪ್ರಾಣಿ ಮಾತ್ರ ಲಕ್ಷಣ ಕಾಣಿಸಿಕೊಂಡ ಕೆಲವೇ ದಿನಗಳಲ್ಲಿ ಸಾಯುತ್ತದೆ.

ಪ್ರಿಯಾನ್ ವೈರಸ್ಸೂ ಅಲ್ಲ, ಬ್ಯಾಕ್ಟೀರಿಯಾವೂ ಅಲ್ಲ. ಅದು ತಪ್ಪಾಗಿ ಮಡಿಚಿಕೊಂಡ ಪ್ರೋಟೀನ್. ತನ್ನಂತೆಯೇ ಮಡಿಚಿಕೊಳ್ಳುವಂತೆ ಪಕ್ಕದ ಪ್ರೋಟೀನ್‌ಗಳನ್ನೂ ಕೆಡಿಸುತ್ತದೆ. ಹೀಗೆ ವರ್ಷಗಟ್ಟಲೆ ಸದ್ದಿಲ್ಲದೆ ನಡೆದ ಹಾನಿಯ ಕೊನೆಗೆ ಮಿದುಳು ಸ್ಪಂಜಿನಂತೆ ತೂತುತೂತಾಗುತ್ತದೆ. ಇಂಥದೇ ಪ್ರಿಯಾನ್ ಕಾಯಿಲೆಯಾದ ಕುರಿಗಳ ಸ್ಕ್ರೇಪಿ ರೋಗ 18ನೇ ಶತಮಾನದಿಂದಲೂ ಯೂರೋಪಿನ ಕುರಿಗಾಹಿಗಳಿಗೆ ಗೊತ್ತಿತ್ತು. 1982ರಲ್ಲಿ ‘ಪ್ರಿಯಾನ್’ ಎಂಬ ಹೆಸರು ಕೊಟ್ಟ ಅಮೆರಿಕದ ವಿಜ್ಞಾನಿ ಸ್ಟಾನ್ಲಿ ಪ್ರೂಸಿನರ್ ಅವರ, ಬರೀ ಪ್ರೋಟೀನೇ ರೋಗ ಹರಡಬಲ್ಲದೆಂಬ ವಾದವನ್ನು ಬಹಳ ಮಂದಿ ವಿಜ್ಞಾನಿಗಳು ಒಪ್ಪಲಿಲ್ಲ; 1997ರಲ್ಲಿ ಅದೇ ವಾದಕ್ಕೆ ನೊಬೆಲ್ ಬಹುಮಾನ ಬಂದಿತು.

1982 ಮತ್ತು 1997ರ ನಡುವೆ ಬ್ರಿಟನ್ನಿನಲ್ಲಿ ನಡೆದುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1986ರಲ್ಲಿ ಅಲ್ಲಿನ ಹಸುಗಳ ಮಿದುಳಿನಲ್ಲಿ ತೂತುಗಳು ಪತ್ತೆಯಾದವು. ಸತ್ತ ಪ್ರಾಣಿಗಳ ಮಾಂಸ ಮತ್ತು ಮೂಳೆಯ ಪುಡಿಯನ್ನು ಹುಲ್ಲು ತಿನ್ನುವ ದನಗಳ ಮೇವಿಗೆ ಬೆರೆಸುತ್ತಿದ್ದುದೇ ಮೂಲವೆಂದು ಮರುವರ್ಷದ ಕೊನೆಯ ಹೊತ್ತಿಗೆ ಸ್ಪಷ್ಟವಾಗತೊಡಗಿತು. 1988ರ ಜುಲೈನಲ್ಲಿ ದನ-ಕುರಿಗಳಿಗೆ ಅಂಥ ಮೇವು ಹಾಕುವುದನ್ನು ನಿಷೇಧಿಸಲಾಯಿತು. ಆದರೆ ಹಂದಿ, ಕೋಳಿಗಳ ಆಹಾರದಲ್ಲಿ ಆ ಪುಡಿಯ ಬಳಕೆ ಮುಂದುವರಿಯಿತು. ಅದೇ ಗಿರಣಿಗಳಲ್ಲಿ ದನದ ಮೇವೂ ತಯಾರಾಗುತ್ತಿತ್ತು. ಸೋಂಕಿತ ಮಿದುಳಿನ ಒಂದು ಗ್ರಾಮಿಗೂ ಕಡಿಮೆ ಅಂಶ ಒಂದು ಹಸುವಿಗೆ ರೋಗ ಅಂಟಿಸಲು ಸಾಕಾಗುವಾಗ, ಅರ್ಧ ಮುಚ್ಚಿದ ಬಾಗಿಲಿನಿಂದ ಹೆಚ್ಚು ಪ್ರಯೋಜನವಾಗಲಿಲ್ಲ. ನಿಷೇಧದ ನಂತರ ಹುಟ್ಟಿದ ಹತ್ತಾರು ಸಾವಿರ ಕರುಗಳೂ ಮುಂದೆ ಇದೇ ರೋಗಕ್ಕೆ ತುತ್ತಾದವು.

ಈ ರೋಗ ಹೊರಬೀಳಲು ಸಾಮಾನ್ಯವಾಗಿ ನಾಲ್ಕೈದು ವರ್ಷ ಬೇಕು. ಆ ಅವಧಿಯಲ್ಲಿ ‘ಮನುಷ್ಯರಿಗೆ ಅಪಾಯವಿದೆಯೆಂಬುದಕ್ಕೆ ಪುರಾವೆಯಿಲ್ಲ’ ಎಂಬ ಹೇಳಿಕೆಯನ್ನು ಜನ ‘ಅಪಾಯವಿಲ್ಲ’ ಎಂದೇ ತಿಳಿದರು, ಹಾಗೆ ತಿಳಿಯಲು ಬಿಡಲಾಯಿತು ಕೂಡ. 1990ರಲ್ಲಿ ಸಾಕುಬೆಕ್ಕೊಂದರಲ್ಲಿ ಇಂಥದೇ ರೋಗ ಕಂಡಾಗ, ಅದು ಒಂದು ಜಾತಿಯ ಪ್ರಾಣಿಯಿಂದ ಇನ್ನೊಂದಕ್ಕೆ ದಾಟಬಲ್ಲದೆಂಬ ಸೂಚನೆ ಎದುರಿಗೇ ಇತ್ತು. 1992ರ ಒಂದೇ ವರ್ಷದಲ್ಲಿ ದನಗಳಲ್ಲಿ ಸುಮಾರು 37,000 ಪ್ರಕರಣಗಳು ದೃಢಪಟ್ಟವು. 1996ರ ಮಾರ್ಚ್ 20ರಂದು, ಮನುಷ್ಯರಲ್ಲಿ ಕಂಡ ಹೊಸ ಮಿದುಳು ಕಾಯಿಲೆಗೆ ದನದ ರೋಗದೊಡನೆ ನಂಟಿರುವ ಸಂಭವವಿದೆಯೆಂದು ಸಂಸತ್ತಿಗೆ ತಿಳಿಸಲಾಯಿತು. ಬ್ರಿಟನ್ನಿನಲ್ಲಿ ಆ ಕಾಯಿಲೆಯಿಂದ 178 ಜನ ಸತ್ತರು.

ಈಗಿನ ಆತಂಕ ಜಿಂಕೆಗಳದು. 1967ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಮೊದಲು ಕಂಡ ಅವುಗಳ ಪ್ರಿಯಾನ್ ರೋಗ 2016ರಲ್ಲಿ ನಾರ್ವೆಯ ಹಿಮಸಾರಂಗಗಳಲ್ಲೂ ಪತ್ತೆಯಾಯಿತು. ಜೊಲ್ಲು, ಮೂತ್ರಗಳ ಮೂಲಕ ನೆಲ ಸೇರುವ ಈ ಪ್ರೋಟೀನ್ ಅಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮನುಷ್ಯರಿಗೆ ತಗುಲಿದ ದೃಢಪಟ್ಟ ಪ್ರಕರಣ ಒಂದೂ ಇಲ್ಲ ಎಂಬ ಮಾತು ನಿಜ. 1990ರಲ್ಲೂ ಅಂಥದೇ ಮಾತು ನಿಜವಾಗಿತ್ತು. ವಿಚಿತ್ರವಾಗಿ ವರ್ತಿಸಿ ಸತ್ತ ಜಿಂಕೆಯ ರೇಬೀಸ್ ಪರೀಕ್ಷೆಗೆ ಮಿದುಳುಕಾಂಡವನ್ನು ಹೇಗೂ ತೆಗೆಯಬೇಕು, ಪ್ರಿಯಾನ್ ಹುಡುಕುವುದೂ ಅದೇ ಮಿದುಳುಕಾಂಡದಲ್ಲಿ. ಹೀಗಿರುವಾಗ ‘ರೇಬೀಸ್ ಇಲ್ಲ’ ಎಂಬ ವರದಿ ಬಂದೊಡನೆ ಕಡತವನ್ನು ಮುಚ್ಚದೆ, ಉಳಿದ ತುಣುಕನ್ನು ಎರಡನೆಯ ಪರೀಕ್ಷೆಗೂ ಕಳುಹಿಸಬಹುದು.