ಒಸಾಕಾ ಕೋಟೆ: ಕಲ್ಲು ಒಬ್ಬರದು, ಗೋಪುರದ ರೂಪ ಇನ್ನೊಬ್ಬರದು

ಒಸಾಕಾ ಕೋಟೆಗೆ ಹೋಗುವ ಮುಂಚೆ ನನ್ನ ತಲೆಯಲ್ಲಿ ಒಂದೇ ಮಾತು ಕೂತಿತ್ತು. ಅದು ಕಾಂಕ್ರೀಟಿನದು, ಒಳಗೆ ಲಿಫ್ಟ್ ಇದೆ, ಹಳೆಯದೇನೂ ಉಳಿದಿಲ್ಲ ಅಂತ. ಗೋಪುರದ ಮಟ್ಟಿಗೆ ಇದು ನಿಜ, ಇಡೀ ಕೋಟೆಯ ಮಟ್ಟಿಗೆ ತಪ್ಪು. ಜಪಾನಿನ ಇತಿಹಾಸ ಈಗಷ್ಟೇ ಓದಲು ಶುರು ಮಾಡಿದವರಿಗೆ ಈ ಟಿಪ್ಪಣಿ ಉಪಯೋಗಕ್ಕೆ ಬರಲಿ.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಈ ಕೋಟೆಯಲ್ಲಿ ಮೂರು ಕಾಲದಲ್ಲಿ ಮೂರು ಗೋಪುರಗಳು ಎದ್ದಿವೆ. ಕೋಟೆಯ ನಡುವಿನ ಈ ಮುಖ್ಯ ಗೋಪುರಕ್ಕೆ ಜಪಾನಿನಲ್ಲಿ 'ತೆನ್‌ಶು' ಎನ್ನುತ್ತಾರೆ.

ಮೊದಲನೆಯದು ತೊಯೊತೊಮಿ ಹಿದೆಯೊಶಿಯದು. ಸಾಧಾರಣ ಮನೆಯಲ್ಲಿ ಹುಟ್ಟಿ ಇಡೀ ಜಪಾನನ್ನು ತನ್ನ ಕೈಗೆ ತಂದುಕೊಂಡವನು ಈತ. 1583ರಲ್ಲಿ ಕೋಟೆಯ ಕೆಲಸ ಶುರು ಮಾಡಿದ. ಅದಕ್ಕೂ ಮುಂಚೆ ಅಲ್ಲಿ ಇಶಿಯಾಮಾ ಹೊಂಗಾನ್‌ಜಿ ಎಂಬ ಬೌದ್ಧ ದೇವಾಲಯವಿತ್ತು. ಅದೂ ಒಂದು ಕೋಟೆಯ ಹಾಗೇ ಇತ್ತು. ಹಿದೆಯೊಶಿ 1598ರಲ್ಲಿ ತೀರಿಕೊಂಡ. ಮಗ ಹಿದೆಯೊರಿ ಇನ್ನೂ ಚಿಕ್ಕ ಹುಡುಗ. ಅಧಿಕಾರ ಮೆಲ್ಲಗೆ ತೊಕುಗಾವಾ ಇಯೆಯಾಸು ಎಂಬ ಬಲಿಷ್ಠ ಅರಸನ ಕಡೆಗೆ ಜಾರಿತು. 1603ರಲ್ಲಿ ಅವನು ಶೋಗುನ್, ಅಂದರೆ ದೇಶವನ್ನು ಆಳುವ ಸೇನಾ ಮುಖ್ಯಸ್ಥ, ಆದ.

1614ರ ಚಳಿಗಾಲದಲ್ಲಿ ಇಯೆಯಾಸು ಕೋಟೆಗೆ ಮುತ್ತಿಗೆ ಹಾಕಿದ. ಕೋಟೆ ಬೀಳಲಿಲ್ಲ, ಸಂಧಿಯಾಯಿತು. ಆದರೆ ಸಂಧಿಯ ಬೆನ್ನಲ್ಲೇ ಹೊರಗಿನ ಕಂದಕಗಳಿಗೆ ಮಣ್ಣು ತುಂಬಿಬಿಟ್ಟರು. ಇದನ್ನು ಚೆನ್ನಾಗಿ ಗಮನಿಸಿ. ಬಯಲಿನಲ್ಲಿರುವ ಕೋಟೆಗೆ ಕಂದಕವೇ ಜೀವ, ಅಲ್ವಾ? ಮರುವರ್ಷ ಬೇಸಿಗೆಯ ಯುದ್ಧದಲ್ಲಿ ಕೋಟೆ ಸುಟ್ಟುಹೋಯಿತು. ಹಿದೆಯೊರಿ ಮತ್ತು ಅವನ ತಾಯಿ ಅಲ್ಲೇ ಪ್ರಾಣ ಕಳೆದುಕೊಂಡರು.

ಎರಡನೆಯ ಕೋಟೆ ತೊಕುಗಾವಾ ಮನೆತನದ್ದು. ಇಯೆಯಾಸುವಿನ ಮಗ ಹಿದೆತಾದಾ 1620ರಲ್ಲಿ ಶುರು ಮಾಡಿಸಿದ, 1629ರಲ್ಲಿ ಕೆಲಸ ಮುಗಿಯಿತು. ಹಳೆಯ ಕೋಟೆಯನ್ನು ದುರಸ್ತಿ ಮಾಡುವ ಗೋಜಿಗೆ ಅವರು ಹೋಗಲಿಲ್ಲ. ಅದರ ಮೇಲೆ ಮಣ್ಣು ಸುರಿದು, ಅದಕ್ಕಿಂತ ಎತ್ತರಕ್ಕೆ ಹೊಸದನ್ನೇ ಕಟ್ಟಿದರು. ಖರ್ಚು ಮತ್ತು ಆಳು ಎರಡನ್ನೂ ಪಶ್ಚಿಮ ಮತ್ತು ಉತ್ತರ ಜಪಾನಿನ ಅರಸರ ಮೇಲೆ ಹೊರಿಸಿದರು. ಕೋಟೆಗೋಡೆಯ ಕಲ್ಲುಗಳ ಮೇಲೆ ಸಣ್ಣ ಸಣ್ಣ ಗುರುತುಗಳು ಕಾಣುತ್ತವೆ. ಈ ಕಲ್ಲು ತಂದದ್ದು ನಮ್ಮವರು ಎಂದು ಆಯಾ ಅರಸರ ಕಡೆಯವರು ಕೆತ್ತಿದ ಗುರುತು ಅವು. ನಾನು ಇವನ್ನು ಹುಡುಕುತ್ತಲೇ ಒಂದು ಗಂಟೆ ಕಳೆದೆ.

ಸಕುರಾಮೊನ್ ಬಾಗಿಲು ದಾಟಿದ ಕೂಡಲೇ ಎದುರಿಗೆ ಒಂದು ಬಂಡೆ ನಿಂತಿದೆ. ಹೆಸರು ತಾಕೊ-ಇಶಿ, ಅಂದರೆ ಆಕ್ಟೋಪಸ್ ಕಲ್ಲು. ಮೂಲೆಯಲ್ಲಿರುವ ಕಲೆ ಆಕ್ಟೋಪಸ್ ತರಹ ಕಾಣುತ್ತದೆ ಅಂತ ಆ ಹೆಸರು. ಎದುರಿಗೆ ಕಾಣುವ ಮುಖವೇ ಸುಮಾರು 59 ಚದರ ಮೀಟರ್. ತೂಕ ನೂರು ಟನ್ನಿಗೂ ಜಾಸ್ತಿ ಎಂದು ಅಂದಾಜು. ಒಕಾಯಾಮಾದ ಅರಸ ಇಕೆದಾ ತಾದಾಒ ಇದನ್ನು ಸಮುದ್ರದ ದಾರಿಯಲ್ಲಿ ತರಿಸಿದ. ಅದರ ಮುಂದೆ ನಿಂತಾಗ ಹೊಸ ಶೋಗುನ್ ಮನೆತನದ ಬಲ ಎಷ್ಟಿತ್ತು ಎಂಬುದು ಪುಸ್ತಕವಿಲ್ಲದೆಯೇ ಗೊತ್ತಾಗುತ್ತದೆ.

ಗೋಡೆ ನೋಡಿ ಕಾಲ ಗುರುತಿಸುವುದು ಹೇಗೆ? ಹಿದೆಯೊಶಿ ಕಾಲದವರು ಸಿಕ್ಕ ಕಲ್ಲನ್ನು ಹೆಚ್ಚು ಕೆತ್ತದೆ, ಹೇಗಿದೆಯೋ ಹಾಗೇ ಪೇರಿಸುತ್ತಿದ್ದರು. ತೊಕುಗಾವಾ ಕಾಲದಲ್ಲಿ ಕಲ್ಲನ್ನು ಕೆತ್ತಿ, ಸಂದಿಯಿಲ್ಲದಂತೆ ಕೂಡಿಸಿದರು. ಮೂಲೆಗಳನ್ನು ನೋಡಿ. ಉದ್ದನೆಯ ಕಲ್ಲನ್ನು ಒಂದು ವರಸೆಯಲ್ಲಿ ಈ ಕಡೆಗೆ, ಮುಂದಿನ ವರಸೆಯಲ್ಲಿ ಆ ಕಡೆಗೆ ಮಲಗಿಸಿದ್ದಾರೆ. ಗಾರೆಯಿಲ್ಲ. ಗೋಡೆಯ ಹಿಂದೆ ಸಣ್ಣ ಕಲ್ಲು ತುಂಬಿರುತ್ತಾರೆ, ಮಳೆನೀರು ಇಳಿದುಹೋಗಲಿ ಅಂತ. ನೀರು ಒಳಗೆ ನಿಂತರೆ ಗೋಡೆ ಉಬ್ಬಿ ಬೀಳುತ್ತದೆ.

ಈ ಎರಡನೆಯ ಗೋಪುರ 1665ರಲ್ಲಿ ಸಿಡಿಲು ಬಡಿದು ಸುಟ್ಟಿತು. ಆಮೇಲೆ 266 ವರ್ಷ ಒಸಾಕಾದಲ್ಲಿ ಗೋಪುರವೇ ಇರಲಿಲ್ಲ.

ಮೂರನೆಯದೇ ಈಗ ಕಾಣುವ ಗೋಪುರ. ಮೇಯರ್ ಸೆಕಿ ಹಾಜಿಮೆ ಕರೆ ಕೊಟ್ಟರು, ಊರಿನ ಜನ 15 ಲಕ್ಷ ಯೆನ್ ಕೂಡಿಸಿದರು. ಜಾಗ ಸೈನ್ಯದ ಕೈಯಲ್ಲಿದ್ದುದರಿಂದ, ಅದರಲ್ಲಿ ಸುಮಾರು 8 ಲಕ್ಷ ಸೈನ್ಯದ ಹೊಸ ಕಚೇರಿಗೇ ಹೋಯಿತು. ಗೋಪುರಕ್ಕೆ ಖರ್ಚಾದದ್ದು ಸುಮಾರು 4 ಲಕ್ಷ 70 ಸಾವಿರ. 1931ರಲ್ಲಿ ಉಕ್ಕು ಮತ್ತು ಕಾಂಕ್ರೀಟಿನ ಗೋಪುರ ಎದ್ದಿತು. ಸೈನ್ಯದ ಆ ಕಟ್ಟಡ ಗೋಪುರದ ಎದುರಿಗೇ ಇನ್ನೂ ಇದೆ.

ಪರೀಕ್ಷೆಗೆ ಓದುವವರು ಇಲ್ಲೇ ಎಡವುವುದು. ಗೋಪುರ ಕೂತಿರುವ ಕಲ್ಲಿನ ಬುನಾದಿ ತೊಕುಗಾವಾ ಕಾಲದ್ದು. ಗೋಪುರದ ರೂಪ ಮಾತ್ರ ಹಿದೆಯೊಶಿಯದು. ಬೇಸಿಗೆ ಯುದ್ಧದ ಚಿತ್ರವಿರುವ ಹಳೆಯ ಮಡಚುವ ತೆರೆಯೊಂದನ್ನು ನೋಡಿ ಅದನ್ನು ಕಟ್ಟಿದರು. ಆದರೂ ಅದು ಪೂರ್ತಿ ಹಿದೆಯೊಶಿಯದಲ್ಲ: ಕೆಳಗಿನ ಅಂತಸ್ತುಗಳ ಬಿಳಿ ಗೋಡೆ ತೊಕುಗಾವಾ ಶೈಲಿ, ಎಲ್ಲಕ್ಕಿಂತ ಮೇಲಿನ ಕಪ್ಪು ಗೋಡೆ ಮತ್ತು ಚಿನ್ನದ ಹುಲಿ ಹಿದೆಯೊಶಿ ಶೈಲಿ. ಇಂಥದ್ದಕ್ಕೆ ಜಪಾನಿನಲ್ಲಿ 'ಫುಕ್ಕೋ' ಎನ್ನುತ್ತಾರೆ: ಗೋಪುರ ಇದ್ದದ್ದು ನಿಜ, ಆದರೆ ಈಗಿನದು ಹಳೆಯದರ ಯಥಾವತ್ ರೂಪವಲ್ಲ. ದಾಖಲೆ ನೋಡಿ ಇದ್ದ ಹಾಗೇ ಕಟ್ಟಿದರೆ 'ಫುಕುಗೆನ್'. 2004ರಲ್ಲಿ ಮರದಲ್ಲೇ ಕಟ್ಟಿದ ಓಜು ಕೋಟೆ ಅದಕ್ಕೆ ಒಳ್ಳೆಯ ಉದಾಹರಣೆ. ಹಳೆಯ ಗೋಪುರವೇ ಉಳಿದಿರುವ ಕೋಟೆಗಳು ಇಡೀ ಜಪಾನಿನಲ್ಲಿ ಹನ್ನೆರಡೇ. ಹಿಮೆಜಿ, ಮತ್ಸುಮೊತೊ ಅವುಗಳಲ್ಲಿ ಸೇರಿವೆ.

ಹಾಗಂತ ಒಸಾಕಾದ್ದನ್ನು ಸುಮ್ನೆ ನಕಲು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಲೆಕ್ಕ ಹಾಕಿ ನೋಡಿ. ಹಿದೆಯೊಶಿಯ ಗೋಪುರ ನಿಂತದ್ದು ಸುಮಾರು 30 ವರ್ಷ. ತೊಕುಗಾವಾದ್ದು ಸುಮಾರು 40 ವರ್ಷ. ಜನರ ದುಡ್ಡಿನ ಈ ಕಾಂಕ್ರೀಟ್ ಗೋಪುರ 90 ವರ್ಷ ದಾಟಿದೆ. ಪಕ್ಕದಲ್ಲೇ ಸೈನ್ಯದ ದೊಡ್ಡ ಶಸ್ತ್ರಾಸ್ತ್ರ ಕಾರ್ಖಾನೆ ಇತ್ತು. 1945ರ ಆಗಸ್ಟ್ 14ರಂದು, ಯುದ್ಧ ಮುಗಿಯುವ ಹಿಂದಿನ ದಿನ, ಅದರ ಮೇಲೆ ಬಾಂಬುಗಳ ಮಳೆಯೇ ಸುರಿಯಿತು. ಗೋಪುರ ಉಳಿಯಿತು. 1997ರಲ್ಲಿ ಅದೂ ಸರ್ಕಾರದ ಪಟ್ಟಿಯಲ್ಲಿ ಸಾಂಸ್ಕೃತಿಕ ಆಸ್ತಿಯಾಗಿ ಸೇರಿತು.

ಹಿದೆಯೊಶಿಯ ನಿಜವಾದ ಕಲ್ಲುಗಳು ಎಲ್ಲಿ ಹೋದವು? ಅವು ಕಾಲಡಿಯಲ್ಲೇ ಇದ್ದವು. 1959ರಲ್ಲಿ ನೆಲ ಕೊರೆದು ನೋಡುವಾಗ ಹೂತುಹೋದ ಗೋಡೆ ಸಿಕ್ಕಿತು. ಕೆತ್ತದ, ಒರಟು ಕಲ್ಲಿನ ಗೋಡೆ. 1984ರಲ್ಲಿ ಅದೇ ಕಾಲದ ಇನ್ನೊಂದು ಗೋಡೆ ಸಿಕ್ಕಿತು. 2025ರಿಂದ ಈ ಎರಡನೆಯ ಗೋಡೆಯ ಸುಮಾರು 6 ಮೀಟರ್ ಎತ್ತರದ ಒಂದು ಭಾಗವನ್ನು ಮೆಟ್ಟಿಲಿಳಿದು ಹೋಗಿ ನೋಡಬಹುದು. ಗೋಪುರ ಹತ್ತುವ ಮೊದಲು ಅಲ್ಲಿಗೆ ಇಳಿಯಿರಿ.