ಅಡಿಕೆ ಯಂತ್ರದ ಬುಷ್ ಒಂದೇ ಒಂದು ಮಾಡಿಸಬಹುದಾ?

ಪ್ರಶ್ನೆ: ನಮ್ಮ ಅಡಿಕೆ ಸುಲಿಯುವ ಯಂತ್ರದ ಒಂದು ಬುಷ್ ಸವೆದಿದೆ. ಅಂಗಡಿಯಲ್ಲಿ ಸಿಗ್ತಿಲ್ಲ. ಒಂದೇ ಒಂದು ಮಾಡಿಕೊಡ್ತಾರಾ? ನೈಲಾನ್‌ನದ್ದು ನಡೆಯುತ್ತಾ? – ತೀರ್ಥಹಳ್ಳಿ ಕಡೆಯ ಓದುಗರು

ಉತ್ತರ: ಮಾಡಿಕೊಡುತ್ತಾರೆ. ಬುಷ್ ಅಂದರೆ ತಿರುಗುವ ಶಾಫ್ಟಿಗೆ (ದಂಡಕ್ಕೆ) ಆಸರೆಯಾಗುವ ಸಣ್ಣ ಕೊಳವೆ. ಇದಕ್ಕೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮೆಷಿನ್ನೇ ಬೇಕೆಂದಿಲ್ಲ. ಪ್ರೋಗ್ರಾಂ ಬರೆದು ಟೂಲ್ ಕೂರಿಸುವ ಖರ್ಚು ಐವತ್ತು ಪೀಸಿಗೆ ಹಂಚಿದರೆ ಹಗುರ, ಒಂದಕ್ಕೇ ಬಿದ್ದರೆ ಭಾರ. ಬುಷ್‌ನಂಥ ಗುಂಡಗಿನ ವಸ್ತುವಿಗೆ ಸಾದಾ ಲೇತ್ (ವಸ್ತುವನ್ನು ತಿರುಗಿಸಿ ಕಡೆಯುವ ಯಂತ್ರ) ಮತ್ತು ಅದನ್ನು ನಡೆಸುವ ಕೈ ಪಳಗಿದ ಟರ್ನರ್ ಸಾಕು. ಶಿವಮೊಗ್ಗದಲ್ಲಿ ಅಂಥವರು ಸಿಗುತ್ತಾರೆ.

ಆದರೆ ದಯವಿಟ್ಟು ಸವೆದ ಬುಷ್ ಒಂದನ್ನೇ ಜೇಬಲ್ಲಿಟ್ಟುಕೊಂಡು ಹೋಗಬೇಡಿ. ಸವೆದದ್ದನ್ನು ಅಳೆದರೆ ಸಿಗುವುದು ಸವೆದ ಅಳತೆಯೇ ಅಲ್ವಾ? ಅದರೊಳಗೆ ತಿರುಗುವ ಶಾಫ್ಟ್, ಬುಷ್ ಕೂರುವ ಹೌಸಿಂಗ್, ಎರಡನ್ನೂ ಒಯ್ಯಿರಿ. 25 ಮಿ.ಮೀ. ಶಾಫ್ಟಿಗೆ ಸರಿಯಾಗಿ 25 ಮಿ.ಮೀ. ತೂತು ಕೊರೆದರೆ ಅದು ತಿರುಗುವುದಿಲ್ಲ, ಹಿಡಿದುಕೊಳ್ಳುತ್ತದೆ. ಗನ್ ಮೆಟಲ್ (ತಾಮ್ರ-ತವರದ ಮಿಶ್ರಲೋಹ) ಬುಷ್ ಆದರೆ ಸುಮಾರು 0.03ರಿಂದ 0.05 ಮಿ.ಮೀ. ಸಡಿಲ ಬೇಕು. ಸಾಮಾನ್ಯ ವರ್ನಿಯರ್ ತೋರಿಸುವ ಅತಿ ಸಣ್ಣ ಅಳತೆಯೇ 0.02. ಹಾಗಾಗಿ ಶಾಫ್ಟಿಗೆ ಮೈಕ್ರೋಮೀಟರ್, ತೂತಿಗೆ ಬೋರ್ ಗೇಜ್ ಹಿಡಿಯುವವರ ಹತ್ತಿರವೇ ಕೊಡಿ. ಇನ್ನೊಂದು ಸೂಕ್ಷ್ಮವಿದೆ. ಬುಷ್ಷನ್ನು ಹೌಸಿಂಗ್‌ಗೆ ಒತ್ತಿ ಕೂರಿಸಿದಾಗ ಒಳಗಿನ ತೂತು ಸ್ವಲ್ಪ ಕಿರಿದಾಗುತ್ತದೆ. ಕೂರಿಸಿದ ಮೇಲೆ ರೀಮರ್ (ತೂತನ್ನು ನಯವಾಗಿ ಹಿಗ್ಗಿಸುವ ಟೂಲ್) ಹಾಕಿ ಕೊನೆಯ ಅಳತೆಗೆ ತರಬೇಕು. ಹೌಸಿಂಗ್ ಒಯ್ಯಿರಿ ಅಂದಿದ್ದು ಇದಕ್ಕೂ ಹೌದು.

ನೈಲಾನ್ ಅಗ್ಗ, ಸದ್ದು ಕಡಿಮೆ, ಶಾಫ್ಟನ್ನೂ ಅಷ್ಟಾಗಿ ತಿನ್ನುವುದಿಲ್ಲ. ಆದರೆ ಅದು ನೀರು ಕುಡಿಯುತ್ತದೆ. ನೀರಲ್ಲೇ ಬಿಟ್ಟರೆ ತೂಕದ ನೂರಕ್ಕೆ 6ರಿಂದ 9ರಷ್ಟು ಹೀರಿ ಊದಿಕೊಳ್ಳುತ್ತದೆ. ಬಿಸಿಗೂ ಉಕ್ಕಿಗಿಂತ ಆರೇಳು ಪಟ್ಟು ಜಾಸ್ತಿ ಹಿಗ್ಗುತ್ತದೆ. ಬೇಸಿಗೆಯಲ್ಲಿ ಲೋಹದ ಲೆಕ್ಕದಲ್ಲೇ ಬಿಗಿಯಾಗಿ ಮಾಡಿಸಿದ ನೈಲಾನ್ ಬುಷ್ ನಮ್ಮ ಮಳೆಗಾಲದ ತೇವಕ್ಕೆ ಶಾಫ್ಟನ್ನು ಕಚ್ಚಿಕೊಳ್ಳಬಹುದು. ಪ್ಲಾಸ್ಟಿಕ್ಕೇ ಬೇಕೆಂದರೆ ಡೆಲ್ರಿನ್ ಕೇಳಿ. ಅದು ಹೀರುವ ನೀರು ತೀರಾ ಕಡಿಮೆ. ಯಾವುದೇ ಆದರೂ ಸಡಿಲವನ್ನು ಲೋಹಕ್ಕಿಂತ ಜಾಸ್ತಿ ಬಿಡಿಸಿ.

ಭಾರ ಬೀಳುವ, ಬಿಡದೆ ತಿರುಗುವ ಜಾಗವಾದರೆ ನನ್ನ ಮಾತು ಗನ್ ಮೆಟಲ್ ಕಡೆಗೇ. ಎಣ್ಣೆ ಬಿಡಲು ತೂತು ಇಡಿಸಿ.

ಬೇರಿಂಗ್, ಆಯಿಲ್ ಸೀಲ್ ಹೋಗಿದ್ದರೆ ಸುಮ್ನೆ ಲೇತಿಗೆ ಒಯ್ಯಬೇಡಿ. ಅವುಗಳ ಮೇಲೆ ನಂಬರ್ ಇರುತ್ತದೆ. 6204 ಅಂತಿದ್ದರೆ ಒಳ ವ್ಯಾಸ 20, ಹೊರ ವ್ಯಾಸ 47, ಅಗಲ 14 ಮಿ.ಮೀ. ಯಾವ ಕಂಪನಿಯದ್ದು ತಂದರೂ ಕೂರುತ್ತದೆ.

ಬುಷ್ ಮಾಡಿಸುವಾಗ ಎರಡು ಮಾಡಿಸಿ. ಎರಡನೆಯದಕ್ಕೆ ತಗಲುವ ಹೊತ್ತು ಕಡಿಮೆ, ಮಜೂರಿಯೂ ಕಡಿಮೆ ಮಾಡಲು ಕೇಳಬಹುದು. ಅಳತೆಗಳನ್ನು ಚೀಟಿಯಲ್ಲಿ ಬರೆಸಿಕೊಂಡು ಯಂತ್ರದ ಜೊತೆಗೇ ಇಟ್ಟಿರಿ. ಈ ಕೆಲಸವನ್ನು ಕೊಯ್ಲು ಶುರುವಾಗುವ ಮೊದಲೇ ಮುಗಿಸಿಕೊಳ್ಳಿ.